ಒಂದೇ ಸೀಟಿಗೆ ಇಬ್ಬರು

ಮಾವ ಬಚ್ಚಲಲ್ಲಿ ಸೋಪಿನ ಮೇಲೆ ಕಾಲಿಟ್ಟು ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡಾಗ ಮನೆಮಂದಿಯೆಲ್ಲ ಅವರಿಗಾಗಿ ಅಯ್ಯೋ ಅಂದರು. ಎರಡನೆಯ ವಾರ ಮುಗಿಯುವ ಹೊತ್ತಿಗೆ ತಮಗಾಗಿ ಅಯ್ಯೋ ಅಂದುಕೊಳ್ಳತೊಡಗಿದರು.

ನಲವತ್ತು ವರ್ಷ ಹೊಲಿಗೆ ಯಂತ್ರದ ಮುಂದೆ ಕೂತು, ಕೋಟು ಪ್ಯಾಂಟುಗಳ ನಡುವೆಯೇ ಕೂದಲು ಬೆಳ್ಳಗೆ ಮಾಡಿಕೊಂಡ ದರ್ಜಿ ಅವರು. ಆರು ವಾರ ಕತ್ತರಿ ಮುಟ್ಟಕೂಡದು ಅಂತ ಡಾಕ್ಟರು ಕೈಗೆ ಪ್ಲಾಸ್ಟರ್ ಸುತ್ತಿ ಕಳಿಸಿದ್ದರು. ಅಂಗಡಿಗೆ ಬೀಗ ಬಿತ್ತು. ಮೂರು ದಿನ ಕಿಟಕಿಯ ಬಳಿ ಕೂತು, ಬೀದಿಯಲ್ಲಿ ಹೋಗುವವರ ಪ್ಯಾಂಟಿನ ಅಂಚು ಒಂದು ಕಡೆ ಇಳಿದಿದೆ, ಇನ್ನೊಂದು ಕಡೆ ಏರಿದೆ ಎಂದು ಗೊಣಗಿದರು. ನಾಲ್ಕನೆಯ ದಿನ ಅಡುಗೆಮನೆಗೆ ಬಂದು, ಈರುಳ್ಳಿ ಹೆಚ್ಚುವುದು ಹೇಗೆಂದು ಅತ್ತೆಗೆ ಹೇಳಿಕೊಟ್ಟರು. ಅಲ್ಲಿಂದ ಗಡೀಪಾರಾದ ಮೇಲೆ ಊಟದ ಮೇಜು ಹಿಡಿದರು.

ಮೇಜಿನ ಹಾಸಿನ ಮೇಲೆ ದರ್ಜಿಯ ಸುಣ್ಣದ ಬಿಲ್ಲೆಯಿಂದ ಚದುರಂಗದ ಎಂಟಕ್ಕೆ ಎಂಟು ಮನೆ ಎಳೆದರು. ಎಡಗೈಯಲ್ಲಿ ಎಳೆದದ್ದರಿಂದ ಗೆರೆಗಳೆಲ್ಲ ಸೊಟ್ಟಗಾದವು. ಅದರ ಮೇಲೆ ಮೂರು ಗುಂಡಿ ಇಟ್ಟರು. ದೊಡ್ಡ ಬಿಳಿ ಗುಂಡಿ ಅವರ ರಾಜ. ಅದರ ಬೆನ್ನ ಹಿಂದಿನ ಮನೆಯಲ್ಲಿ ಶರ್ಟಿನ ಪುಟ್ಟ ಗುಂಡಿ, ಅವರ ಕಾಲಾಳು. ಬಿಳಿ ರಾಜನ ಎದುರಿಗೆ, ನಡುವೆ ಒಂದೇ ಮನೆ ಬಿಟ್ಟು, ಕೋಟಿನ ಕಪ್ಪು ಗುಂಡಿ. ಅದು ಕನ್ನಡಿಯಪ್ಪನ ರಾಜ.

ಕನ್ನಡಿಯಪ್ಪ ಎಂದರೆ ಮಾವನ ಅಂಗಡಿಯ ಪಕ್ಕದ ಕ್ಷೌರದಂಗಡಿಯವರು. ಅಂಗಡಿಯ ನಾಲ್ಕೂ ಗೋಡೆಗೆ ಕನ್ನಡಿ ಹಾಕಿಸಿದ್ದರಿಂದ ಆ ಹೆಸರು ಬಂದು ಅಂಟಿಕೊಂಡಿತ್ತು. ಮಾವನಿಗೂ ಅವರಿಗೂ ಮೀಸೆ ಮೂಡುವ ಮೊದಲಿನ ಗೆಳೆತನ. ಇಬ್ಬರೂ ಕತ್ತರಿಯಿಂದ ಬದುಕಿದವರು, ನಡುವೆ ಒಂದೇ ಗೋಡೆ. ಕನ್ನಡಿಯಪ್ಪನ ನಿಲುವಂಗಿಯನ್ನು ಮಾವನೇ ಹೊಲಿಯಬೇಕು, ಮಾವನ ತಲೆಯನ್ನು ಕನ್ನಡಿಯಪ್ಪನೇ ಮುಟ್ಟಬೇಕು. ಇಷ್ಟೆಲ್ಲ ಇದ್ದೂ ಹದಿನೇಳು ವರ್ಷದಿಂದ ಅವರು ಚದುರಂಗ ಆಡಿರಲಿಲ್ಲ.

ಹದಿನೇಳು ವರ್ಷದ ಹಿಂದೆ ಒಂದು ಮಧ್ಯಾಹ್ನ, ಮಾವನ ಅಂಗಡಿಯಲ್ಲಿ ಆಟ ಕೊನೆಗೆ ಬಂದು ಮೂರೇ ಕಾಯಿ ಉಳಿದಿದ್ದಾಗ, ಮೇಲಿನ ಮನೆಯ ನೀರಿನ ಟ್ಯಾಂಕು ಒಡೆದು ಚಾವಣಿಯಿಂದ ನೀರು ಧೋ ಎಂದು ಸುರಿದಿತ್ತು. ಬಟ್ಟೆಯ ಥಾನುಗಳನ್ನು ಉಳಿಸಲು ಓಡಾಡುವ ಗಡಿಬಿಡಿಯಲ್ಲಿ ಬೋರ್ಡು ಎಲ್ಲೋ, ಕಾಯಿಗಳು ಎಲ್ಲೋ. ಮೂರು ಕಾಯಿ ಎಲ್ಲೆಲ್ಲಿ ನಿಂತಿದ್ದವು ಎಂಬುದು ಇಬ್ಬರಿಗೂ ಕಣ್ಣಿಗೆ ಕಟ್ಟಿದಂತೆ ನೆನಪಿತ್ತು. ಆದರೆ ಮಾವ ಹೇಳುವುದು, ನಾನು ಗೆದ್ದಾಗಿತ್ತು. ಕನ್ನಡಿಯಪ್ಪ ಹೇಳುವುದು, ಅದು ಡ್ರಾ, ಜಗತ್ತೇ ತಲೆಕೆಳಗಾದರೂ ಡ್ರಾ. ಕಾಯಿಗಳನ್ನು ಮತ್ತೆ ಜೋಡಿಸಿ ನೋಡಲು ಹೋದಾಗಲೆಲ್ಲ ಮೊದಲ ಕಾಯಿ ಇಡುವುದರೊಳಗೇ ಕೂಗಾಟ ಶುರುವಾಗುತ್ತಿತ್ತು. ಆಮೇಲೆ ಇಬ್ಬರೂ ತಮ್ಮ ತಮ್ಮ ಮನೆಯಲ್ಲಿ ಒಬ್ಬೊಬ್ಬರೇ ಆಡಿ ನೋಡಿದರು. ಮಾವ ಪ್ರತಿ ಸಲವೂ ಗೆದ್ದರು. ಕನ್ನಡಿಯಪ್ಪನಿಗೆ ಪ್ರತಿ ಸಲವೂ ಡ್ರಾ ಆಯಿತು.

ಈಗ ಆ ಮೂರು ಗುಂಡಿಗಳು ಊಟದ ಮೇಜಿನಲ್ಲಿ ಕೂತು ಹನ್ನೊಂದು ದಿನವಾಗಿತ್ತು. ಅವನ್ನು ಯಾರೂ ಮುಟ್ಟುವಂತಿಲ್ಲ. ತಟ್ಟೆಗಳನ್ನು ಅಂಚಿನಲ್ಲಿ, ನೀರಿನ ಲೋಟಗಳನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟುಕೊಂಡು ಊಟ ಸಾಗುತ್ತಿತ್ತು.

ಶನಿವಾರ ಬೆಳಿಗ್ಗೆ ಅತ್ತೆ ಸೊಸೆಯನ್ನು ಅಡುಗೆಮನೆಗೆ ಎಳೆದುಕೊಂಡು ಹೋದರು.

"ನೋಡು ಮಗಳೇ, ನಿಂಗೆ ಕಂಪ್ಯೂಟರ್ ವಿದ್ಯೆ ಎಲ್ಲಾ ಬರುತ್ತೆ. ಆ ಮೂರು ಗುಂಡಿ ನನ್ನ ಮೇಜಿಂದ ಎದ್ದು ಹೋಗೋ ಹಾಗೆ ಮಾಡೋಕಾಗಲ್ವಾ?"

"ಅತ್ತೆ, ನಾನು ಮಾಡೋದು ಬಟ್ಟೆ ಒಗೆಯೋ ಮಿಷಿನ್ನಿಂದು."

"ಯಾವುದಾದ್ರೇನು? ತಿರುಗಿಸಿ ತಿರುಗಿಸಿ ಹಿಂಡೋದು ತಾನೇ? ಇವರನ್ನೂ ಹಾಗೇ ಹಿಂಡು."

ಸೊಸೆಗೆ ನಗು ತಡೆಯಲಾಗಲಿಲ್ಲ. ಅವಳು ಈ ಮನೆಗೆ ಬಂದು ಎರಡು ವರ್ಷ. ಊರಾಚೆಯ ಕಾರ್ಖಾನೆಯಲ್ಲಿ ಬಟ್ಟೆ ಒಗೆಯುವ ಯಂತ್ರಗಳು ತಯಾರಾಗುತ್ತಿದ್ದವು. ಅವುಗಳ ಒಳಗೆ ಕೂರುವ ಬೆರಳಗಲದ ಚಿಪ್‌ಗೆ ಏನು ಮಾಡಬೇಕೆಂದು ಬರೆದುಕೊಡುವುದು ಅವಳ ಕೆಲಸ. ಮನೆಯಲ್ಲಿ ಯಾರಾದರೂ ಕೇಳಿದರೆ ಮಾವ, "ಏನೋ ಗುಂಡಿ ಒತ್ತೋ ಕೆಲಸ" ಅನ್ನುತ್ತಿದ್ದರು. ತಾತ್ಸಾರವೇನೂ ಅಲ್ಲ, ಅವರಿಗೆ ಗೊತ್ತಿದ್ದದ್ದೇ ಅಷ್ಟು. ಗಂಡ ತರಬೇತಿಗೆಂದು ಎರಡು ತಿಂಗಳು ಬೇರೆ ಊರಿಗೆ ಹೋಗಿದ್ದ, ಹಾಗಾಗಿ ಮಾವನನ್ನು ಸಂಭಾಳಿಸುವ ಸರದಿ ಅವಳದೇ. ಅವಳಿಗೂ ಆ ಮೂರು ಗುಂಡಿಗಳನ್ನು ದಿನವೂ ನೋಡಿ ನೋಡಿ ಒಳಗೊಳಗೇ ಒಂದು ಕೆರೆತ ಶುರುವಾಗಿತ್ತು.

ಅವಳು ಲ್ಯಾಪ್‌ಟಾಪು ತಂದು ಮಾವನ ಎದುರು ಕೂತಳು.

"ಮಾವ, ಇದಕ್ಕೆ ಉತ್ತರ ಇದೆ. ಎಣಿಸಿದ್ರೆ ಸಿಗುತ್ತೆ."

"ಏನನ್ನ ಎಣಿಸ್ತೀಯ?"

"ಎಲ್ಲಾನೂ. ಈ ಮೂರು ಗುಂಡಿ ಈ ಬೋರ್ಡಿನ ಮೇಲೆ ಎಷ್ಟು ಥರ ಕೂರಬಹುದೋ ಅಷ್ಟನ್ನೂ."

ಮಾವ ಅವಳನ್ನು ಕನ್ನಡಕದ ಮೇಲಿನಿಂದ ನೋಡಿದರು. "ನಿಂಗೆ ಆಫೀಸಲ್ಲಿ ಕೆಲಸ ಇಲ್ವಾ?"

"ಆಫೀಸಲ್ಲೂ ಇದೇ ಕೆಲಸ. ಕೇಳಿ. ನಮ್ಮ ಮಿಷಿನ್ನಲ್ಲಿ ಒಗೆಯೋ ರೀತಿ ಒಂಬತ್ತು, ನೀರಿನ ಬಿಸಿ ಐದು, ಹಿಂಡೋ ವೇಗ ನಾಲ್ಕು. ಒಟ್ಟು ಎಷ್ಟು ಥರ ಒಗೀಬಹುದು?"

"ಒಂಬತ್ತೈದ್ಲಿ ನಲವತ್ತೈದು, ಅದರ ನಾಲ್ಕರಷ್ಟು… ನೂರ ಎಂಬತ್ತು."

"ಆ ನೂರ ಎಂಬತ್ತಕ್ಕೂ ಒಂದೊಂದು ನಂಬರು ಕೊಡಬೇಕು, ಸಿನಿಮಾ ಮಂದಿರದ ಸೀಟಿನ ಹಾಗೆ. ಯಾರೂ ನಿಂತಿರಬಾರ್ದು, ಯಾವ ಸೀಟೂ ಸುಮ್ಮನೆ ಖಾಲಿ ಬಿದ್ದಿರಬಾರ್ದು. ಒಂದು ಸೀಟಲ್ಲಿ ಇಬ್ಬರಂತೂ ಕೂರಲೇಬಾರ್ದು. ಚಿಪ್‌ನಲ್ಲಿ ಜಾಗ ಅಂಗೈಯಷ್ಟೂ ಇಲ್ಲ, ಪಟ್ಟಿ ಹಿಡ್ಕೊಂಡು ಹುಡುಕ್ತಾ ಕೂರೋಕೆ ಹೊತ್ತೂ ಇಲ್ಲ. ಒಗೆಯೋ ರೀತಿಯ ನಂಬರನ್ನ ಇಪ್ಪತ್ತರಿಂದ ಗುಣಿಸ್ತೀವಿ, ಬಿಸಿಯದ್ದನ್ನ ನಾಲ್ಕರಿಂದ, ಅದಕ್ಕೆ ವೇಗದ್ದನ್ನ ಕೂಡಿಸ್ತೀವಿ. ಬಂದ ಮೊತ್ತವೇ ಸೀಟು. ನೇರವಾಗಿ ಅದರ ಮುಂದೆ ಹೋಗಿ ನಿಲ್ಲೋದು. ಅದಕ್ಕೆ ಇಂಡೆಕ್ಸ್ ಅಂತೀವಿ."

ಮಾವ ತಮ್ಮಷ್ಟಕ್ಕೇ ಬೆರಳೆಣಿಸಿದರು. "ತಡಿ. ಒಂಬತ್ತನೇ ರೀತಿ, ಒಂಬತ್ತು ಇಪ್ಪತ್ಲಿ ನೂರ ಎಂಬತ್ತು. ಅಲ್ಲೇ ಮುಗಿದುಹೋಯ್ತಲ್ಲ! ಬಿಸಿನೀರು ಎಲ್ಲಿ ಕೂರುತ್ತೆ?"

ಸೊಸೆಗೆ ಹಿಗ್ಗಾಯಿತು. ಕೆಲಸಕ್ಕೆ ಹೊಸದಾಗಿ ಸೇರಿದವರು ಎಡವುವ ಜಾಗವನ್ನು ಅವರು ಮೊದಲ ಏಟಿಗೇ ಹಿಡಿದಿದ್ದರು. "ನಾವು ಸೊನ್ನೆಯಿಂದ ಎಣಿಸ್ತೀವಿ ಮಾವ. ಸೊನ್ನೆಯಿಂದ ಎಂಟರವರೆಗೆ ಒಂಬತ್ತು."

"ಸೊನ್ನೆಯಿಂದ ಯಾರಮ್ಮ ಎಣಿಸ್ತಾರೆ?"

ಅವಳು ಅವರ ಕೊರಳಲ್ಲಿ ನೇತಾಡುತ್ತಿದ್ದ ಅಳತೆ ಟೇಪಿನ ತುದಿ ಹಿಡಿದು ತೋರಿಸಿದಳು. ಕೈ ಮುರಿದರೂ ಅದನ್ನವರು ಕೊರಳಿಂದ ತೆಗೆದಿರಲಿಲ್ಲ. "ಇಲ್ಲಿ ಎಷ್ಟಿದೆ? ಮೊದಲ ಅಂಗುಲ ಎಲ್ಲಿಂದ ಶುರು?"

ಮಾವ ಟೇಪಿನ ತುದಿಯಿಂದ ಮೊದಲ ಅಂಗುಲದವರೆಗೆ ಎಡಗೈಯ ಹೆಬ್ಬೆರಳು ಜಾರಿಸಿ ನೋಡಿದರು.

"ಇಷ್ಟೇನಾ ನಿನ್ನ ಕೆಲಸ?"

"ಬಹುಮಟ್ಟಿಗೆ ಇಷ್ಟೇ."

"ಮತ್ತೆ ಎರಡು ವರ್ಷದಿಂದ ಯಾಕೆ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ."

"ಸರಿ ಹಾಗಾದ್ರೆ," ಎಂದು ಮಾವ ಕುರ್ಚಿ ಎಳೆದುಕೊಂಡು ಹತ್ತಿರ ಬಂದರು. "ನನ್ನ ಆಟಕ್ಕೆ ಸೀಟು ಕೊಡು ನೋಡೋಣ."

ಸೊಸೆಗೆ ಚದುರಂಗದಲ್ಲಿ ಯಾವ ಕಾಯಿ ಹೇಗೆ ನಡೆಯುತ್ತದೆ ಎಂಬಷ್ಟೇ ಗೊತ್ತಿತ್ತು. ಕೆಲಸದಲ್ಲಿ ಮಾಡುವಂತೆಯೇ ಇಲ್ಲಿಯೂ ಅವಳು ಮೊದಲು ಬಲ್ಲವರನ್ನು ಕೇಳಿದಳು: ಆಟ ಎಲ್ಲಿಗೆ ಬಂದು ನಿಂತಿದೆ ಎಂದು ಪೂರ್ತಿ ತಿಳಿಸಬೇಕಾದರೆ ಏನೇನು ಹೇಳಬೇಕು? ಕಂಪ್ಯೂಟರಿನವರು ಇಂಥ ವಿವರಣೆಯನ್ನು ಟೈಪ್ ಎನ್ನುತ್ತಾರೆ. ಅದು ಸರಿಯಾಗಿ ನಿಂತರೆ ಉಳಿದದ್ದು ಬರೀ ಗುಣಾಕಾರ.

"ನನ್ನ ರಾಜ ಎಲ್ಲಿ, ಅವನ ರಾಜ ಎಲ್ಲಿ, ಕಾಲಾಳು ಎಲ್ಲಿ. ಮುಗೀತು," ಎಂದರು ಮಾವ.

ಅವಳು ಕನ್ನಡಿಯಪ್ಪನಿಗೂ ಫೋನು ಮಾಡಿ ಕೇಳಿದಳು. "ಎರಡು ರಾಜ, ಒಂದು ಕಾಲಾಳು, ಅವು ನಿಂತಿರೋ ಮನೆ. ಇನ್ನೇನಿರುತ್ತಮ್ಮ?" ಎಂದರು ಅವರು. ಹದಿನೇಳು ವರ್ಷದಲ್ಲಿ ಈ ಆಟದ ಬಗ್ಗೆ ಇಬ್ಬರೂ ಒಪ್ಪಿಕೊಂಡ ಮೊದಲ ಮಾತು ಅದು.

ಒಂದೊಂದು ರಾಜನಿಗೆ ಅರವತ್ನಾಲ್ಕು ಮನೆ. ಕಾಲಾಳಿಗೆ ಮಾತ್ರ ಅಷ್ಟಿಲ್ಲ ಎಂದು ಮಾವನೇ ತಿದ್ದಿದರು. "ಅದು ಹಿಂದಕ್ಕೆ ಹೋಗೋ ಜೀವವೇ ಅಲ್ಲ, ಹಾಗಾಗಿ ಮೊದಲ ಸಾಲಲ್ಲಿ ಇರೋಕೆ ಸಾಧ್ಯವಿಲ್ಲ. ಕೊನೇ ಸಾಲು ಮುಟ್ಟಿದ್ರೆ ಅದು ಮಂತ್ರಿ ಆಗಿಬಿಡುತ್ತೆ, ಕಾಲಾಳಾಗಿ ಉಳಿಯಲ್ಲ." ಅಲ್ಲಿಗೆ ಕಾಲಾಳಿಗೆ ನಲವತ್ತೆಂಟೇ ಮನೆ. ಅರವತ್ನಾಲ್ಕನ್ನು ಅರವತ್ನಾಲ್ಕರಿಂದ, ಅದನ್ನು ನಲವತ್ತೆಂಟರಿಂದ ಗುಣಿಸಿದರೆ ಒಂದು ಲಕ್ಷ ತೊಂಬತ್ತಾರು ಸಾವಿರದ ಆರುನೂರ ಎಂಟು ಸೀಟು. ಅದರಲ್ಲಿ ಇಬ್ಬರು ರಾಜರು ಒಂದೇ ಮನೆಯಲ್ಲಿ ಸಿಕ್ಕಿಕೊಂಡಂಥ, ಆಗಲಾರದ ಸೀಟುಗಳೂ ಕೆಲವು ಇದ್ದವು. ಅವಕ್ಕೆ ಬೀಗ ಹಾಕಿದರಾಯಿತು ಎಂದುಕೊಂಡಳು.

"ನಮ್ಮದು ಯಾವ ಸೀಟು?" ಮಾವನಿಗೆ ತಡೆಯಲಾಗಲಿಲ್ಲ.

ಅವಳು ಲೆಕ್ಕ ಹಾಕಿದಳು. "ಒಂದು ಲಕ್ಷ ಹದಿಮೂರು ಸಾವಿರದ ನೂರ ಎಂಟು."

ಮಾವ ಆ ಸಂಖ್ಯೆಯನ್ನು ಎರಡು ಸಲ ಬಾಯಲ್ಲಿ ಹೊರಳಿಸಿ ನೋಡಿದರು. ತಮ್ಮ ಅಷ್ಟು ವರ್ಷದ ಸಂಕಟಕ್ಕೆ ಒಂದು ವಿಳಾಸ ಸಿಕ್ಕಿದ ಹಾಗೆ ಅವರ ಮುಖ ಅರಳಿತು. ಎದ್ದು ಹೋಗಿ ಅತ್ತೆಗೂ ಹೇಳಿ ಬಂದರು.

ಮುಂದಿನದು ಸೊಸೆಯ ಕೆಲಸ. ಗೆದ್ದೇಬಿಟ್ಟಂಥ ಸೀಟುಗಳಿಂದ ಶುರುಮಾಡಿ ಹಿಂದಕ್ಕೆ ಬರುವುದು. ಬಿಳಿಯವರು ಆಡುವಾಗ ಗೆಲುವಿನ ಸೀಟಿಗೆ ಒಯ್ಯುವ ಒಂದು ನಡೆಯಾದರೂ ಇದೆಯೇ ನೋಡುವುದು, ಕಪ್ಪಿನವರು ಆಡುವಾಗ ತಪ್ಪಿಸಿಕೊಳ್ಳುವ ಒಂದು ಕಿಂಡಿಯಾದರೂ ಇದೆಯೇ ನೋಡುವುದು. ಒಂದು ಸುತ್ತು ಬಿಳಿಯವರದು, ಒಂದು ಸುತ್ತು ಕಪ್ಪಿನವರದು. ಹೀಗೆ ಸುತ್ತುತ್ತ ಹೋದರೆ ಒಂದು ಹಂತದಲ್ಲಿ ಯಾವ ಸೀಟೂ ಬದಲಾಗದೆ ಎಲ್ಲವೂ ನೆಲೆ ನಿಲ್ಲಬೇಕು. ಭಾನುವಾರ ಸಂಜೆಯೊಳಗೆ ಬರೆದು ಮುಗಿಸಿದಳು.

ನೆಲೆ ನಿಲ್ಲಲಿಲ್ಲ. ಹತ್ತು ಸುತ್ತಾಯಿತು, ನೂರು ಸುತ್ತಾಯಿತು. ಒಂದು ಲಕ್ಷ ಹದಿಮೂರು ಸಾವಿರದ ನೂರ ಎಂಟನೆಯ ಸೀಟು ಒಂದು ಸುತ್ತಿಗೆ ಗೆಲುವು ಎನ್ನುತ್ತಿತ್ತು, ಮುಂದಿನ ಸುತ್ತಿಗೆ ಡ್ರಾ ಎನ್ನುತ್ತಿತ್ತು. ಮತ್ತೆ ಗೆಲುವು, ಮತ್ತೆ ಡ್ರಾ.

"ಏನಂತಾನೆ ನಮ್ಮ ನೂರ ಎಂಟು?" ಸೋಮವಾರ ಅವಳು ಚಪ್ಪಲಿ ಬಿಡುವ ಮೊದಲೇ ಮಾವ ಕೇಳಿದರು.

"ಈ ಸುತ್ತಿಗೆ ನೀವು ಗೆದ್ರಿ."

"ಹಾಂ! ಅಲ್ಲಿಗೇ ನಿಲ್ಸು!"

"ಮುಂದಿನ ಸುತ್ತಿಗೆ ಡ್ರಾ ಮಾವ."

"ಆ ಸುತ್ತನ್ನ ಯಾಕೆ ಓಡಿಸ್ತೀಯ? ಓಡಿಸ್ಲೇಬೇಡ."

ಅತ್ತೆ ಒಳಗಿನಿಂದ, "ಚೆನ್ನಾಯ್ತು, ಇಬ್ಬರಿದ್ರು, ಈಗ ಕಂಪ್ಯೂಟರೂ ಜಗಳಕ್ಕೆ ಬಂತು," ಎಂದರು.

ಸೊಸೆ ಸೂತ್ರವನ್ನೇ ಅನುಮಾನಿಸಿದಳು. ಪ್ರತಿ ಆಟದಿಂದ ಸೀಟಿನ ನಂಬರು ತೆಗೆದು, ಆ ನಂಬರಿನಿಂದ ಮತ್ತೆ ಆಟವನ್ನು ಬಿಡಿಸಿ, ಹೊರಟಲ್ಲಿಗೇ ಬಂದು ತಲುಪುತ್ತೇವೆಯೇ ಎಂದು ಸೊನ್ನೆಯಿಂದ ಕೊನೆಯವರೆಗೆ ಪರೀಕ್ಷಿಸಿದಳು. ಒಂದೂ ತಪ್ಪಿರಲಿಲ್ಲ. ಅದು ಅವಳಿಗೆ ಇನ್ನಷ್ಟು ಕಾಟ ಕೊಟ್ಟಿತು. ಮಂಗಳವಾರ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಊಟದ ಡಬ್ಬಿ ತೆರೆದಿಟ್ಟುಕೊಂಡು ತಿನ್ನುವುದನ್ನೇ ಮರೆತಳು. ಲೆಕ್ಕ ಸರಿ. ಸೀಟುಗಳು ಸರಿ. ಆದರೂ ಒಬ್ಬರು ಎದ್ದ ಕೂಡಲೇ ಇನ್ನೊಬ್ಬರು ಬಂದು ಅದೇ ಸೀಟಿನಲ್ಲಿ ಕೂರುತ್ತಿದ್ದಾರೆ. ಹಾಗಾದರೆ ಬೇರೆ ಬೇರೆಯಾದ ಎರಡು ಸಂಗತಿಗಳನ್ನು ತಾನು ಎಲ್ಲೋ ಒಂದೇ ಎಂದುಕೊಂಡಿದ್ದೇನೆ. ಯಾವುವು ಆ ಎರಡು?

ಸಂಜೆ ಮನೆಗೆ ಬಂದು, "ಮಾವ, ನೀವು ಹೇಗೆ ಗೆಲ್ತಿದ್ರಿ ಅಂತ ಇನ್ನೊಂದ್ಸಲ ತೋರಿಸಿ," ಎಂದಳು.

ಕೇಳುವವರೊಬ್ಬರು ಸಿಕ್ಕರೆ ಸಾಕೆಂದು ಕಾಯುತ್ತಿದ್ದ ಮನುಷ್ಯ ಅವರು. "ನೋಡು. ಅವನು ಎಡಕ್ಕೆ ಸರಿದ್ರೆ ನಾನು ಬಲಗಡೆಯಿಂದ ಮುಂದಕ್ಕೆ ನುಗ್ತೀನಿ. ಅವನು ಬಲಕ್ಕೆ ಸರಿದ್ರೆ ನಾನು ಎಡಗಡೆಯಿಂದ. ಹಿಂದಕ್ಕೆ ಹೋದ್ನೋ, ಇನ್ನೂ ಸುಲಭ. ನನ್ನ ರಾಜ ಮುಂದೆ ಹೋಗಿ ದಾರಿ ಬಿಡಿಸ್ತಾನೆ, ಹಿಂದೆ ಹಿಂದೆ ಕಾಲಾಳು ಬರ್ತಾ ಬರ್ತಾ ಮಂತ್ರಿ ಆಗ್ತಾನೆ. ಇದರಲ್ಲಿ ಡ್ರಾ ಎಲ್ಲಿಂದ ಬಂತು?"

ಅದರಲ್ಲಿ ಒಂದು ಕೂದಲೆಳೆಯಷ್ಟೂ ತಪ್ಪು ಕಾಣಲಿಲ್ಲ. ಮರುದಿನ ಅವಳು ಕೆಲಸದಿಂದ ಬರುವಾಗ ಬಸ್ಸಿನಿಂದ ಒಂದು ನಿಲ್ದಾಣ ಮೊದಲೇ ಇಳಿದು ಕನ್ನಡಿಯಪ್ಪನ ಅಂಗಡಿಗೆ ಹೋದಳು.

ಅಂಗಡಿಯಲ್ಲಿ ಅಂಚೆಯವರು ಕೆನ್ನೆ ತುಂಬ ನೊರೆ ಹಚ್ಚಿಸಿಕೊಂಡು ತಲೆ ಹಿಂದಕ್ಕೆ ಚೆಲ್ಲಿ ಕೂತಿದ್ದರು. ನಾಲ್ಕೂ ಗೋಡೆಯಿಂದ ನಾಲ್ಕಾರು ಮಂದಿ ಅಂಚೆಯವರು, ನಾಲ್ಕಾರು ಮಂದಿ ಕನ್ನಡಿಯಪ್ಪಂದಿರು ಅವಳ ಕಡೆ ತಿರುಗಿದರು.

"ಬಾಮ್ಮ, ಬಾ. ನಿಮ್ಮ ಮಾವನ ಕೈ ಹೇಗಿದೆ? ಬಾಯಿ ಹೇಗಿದೆ ಅಂತ ಕೇಳೋದೇ ಬೇಡ."

"ಅಂಕಲ್, ಆ ಆಟ ಹೇಗೆ ಡ್ರಾ ಆಗುತ್ತೆ ಅಂತ ಹೇಳ್ತೀರಾ?"

ಕನ್ನಡಿಯಪ್ಪನ ಕಣ್ಣು ಮಿನುಗಿತು. ಅಂಚೆಯವರ ಕೆನ್ನೆಯನ್ನೇ ಬೋರ್ಡು ಮಾಡಿಕೊಂಡು ನೊರೆಯ ಮೇಲೆ ಕ್ಷೌರದ ಕತ್ತಿಯ ಹಿಡಿಯಿಂದ ಮೂರು ಚುಕ್ಕಿ ಇಟ್ಟರು. "ಇಗೋ ನಿಮ್ಮ ಮಾವ. ಇಗೋ ನಾನು. ಅವನು ಎಡಕ್ಕೆ ಸರಿದ್ರೆ ನಾನೂ ಅದೇ ಕಡೆಗೆ ಸರಿದು ಎದುರಿಗೆ ನಿಲ್ತೀನಿ. ಬಲಕ್ಕೆ ಸರಿದ್ರೆ ನಾನೂ ಆ ಕಡೆಗೆ. ಎಲ್ಲಿ ಹೋದ್ರೂ ಎದುರಿಗೆ ಹಾಜರ್. ನನ್ನ ದಾಟಿ ಅವನು ಒಂದು ಹೆಜ್ಜೆ ಇಡಲಾರ."

ಸೊಸೆ ಬಾಗಿಲ ಬಳಿ ನಿಂತಲ್ಲೇ ನಿಂತಳು. ಅವನು ಎಡಕ್ಕೆ ಸರಿದ್ರೆ. ಮಾವನ ಮಾತೂ ಇಲ್ಲಿಂದಲೇ ಶುರುವಾಗಿತ್ತು, ಕನ್ನಡಿಯಪ್ಪನ ಮಾತೂ ಇಲ್ಲಿಂದಲೇ. ಇಬ್ಬರೂ ಮೊದಲು ಇನ್ನೊಬ್ಬನನ್ನು ನಡೆಸುತ್ತಿದ್ದರು.

"ಅಂಕಲ್," ಎಂದಳು, ದನಿಯಲ್ಲಿ ಆಗಲೇ ನಗು ತುಳುಕುತ್ತಿತ್ತು, "ನೀರು ಬಿದ್ದಾಗ ನಡೆ ಯಾರದ್ದಾಗಿತ್ತು?"

ಕತ್ತಿ ಗಾಳಿಯಲ್ಲೇ ನಿಂತಿತು. "ಅವಂದು! ಇನ್ಯಾರ್ದು? ಅದೇನು ಕೇಳೋ ಮಾತೇ?"

ಅವಳು ನಕ್ಕ ರಭಸಕ್ಕೆ ಅಂಚೆಯವರು ಕುರ್ಚಿಯಲ್ಲಿ ಬೆಚ್ಚಿಬಿದ್ದರು. ಬರ್ತೀನಿ ಅಂಕಲ್ ಎಂದು ಹೇಳಿದಳೋ ಇಲ್ಲವೋ, ಬ್ಯಾಗು ಎದೆಗವಚಿಕೊಂಡು ಬೀದಿಯಲ್ಲಿ ಓಡಿದಳು. ಮದುವೆಯಾದ ಮೇಲೆ ಅವಳು ಬೀದಿಯಲ್ಲಿ ಓಡಿದ್ದು ಅದೇ ಮೊದಲು. ಮನೆಯ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ, ಏದುಸಿರು ಬಿಡುತ್ತ, "ಮಾವ! ಟ್ಯಾಂಕು ಒಡೆದಾಗ ನಡೆ ಯಾರದ್ದು?" ಎಂದು ಕೇಳಿದಳು.

"ಅವಂದೇ," ಎಂದರು ಮಾವ, ಎರಡು ಎರಡ್ಲಿ ನಾಲ್ಕು ಎನ್ನುವಷ್ಟು ಸಲೀಸಾಗಿ. "ನಾನು ಆಗಷ್ಟೇ ರಾಜನ್ನ ಮುಂದಿಟ್ಟಿದ್ದೆ. ಯಾಕೆ?"

"ಇದನ್ನ ಶನಿವಾರ ಯಾಕೆ ಹೇಳ್ಲಿಲ್ಲ?"

"ಇದರಲ್ಲಿ ಹೇಳೋದೇನಿದೆ? ಎಲ್ಲರಿಗೂ ಗೊತ್ತಿರೋದೇ ಅಲ್ವಾ?"

ಅವಳು ಲ್ಯಾಪ್‌ಟಾಪು ತೆರೆದಳು. ಬದಲಾಯಿಸಬೇಕಾದ ಮುಖ್ಯ ಸಾಲು ಒಂದೇ. ಇದ್ದ ನಂಬರನ್ನು ಎರಡರಿಂದ ಗುಣಿಸುವುದು. ನಡೆ ಬಿಳಿಯವರದಾದರೆ ಸೊನ್ನೆ, ಕಪ್ಪಿನವರದಾದರೆ ಒಂದು ಕೂಡಿಸುವುದು. ಸಿನಿಮಾ ಮಂದಿರ ಇದ್ದಕ್ಕಿದ್ದಂತೆ ಎರಡರಷ್ಟಾಯಿತು: ಮೂರು ಲಕ್ಷ ತೊಂಬತ್ತಮೂರು ಸಾವಿರದ ಇನ್ನೂರ ಹದಿನಾರು ಸೀಟು. ಓಡಿಸಿದಳು. ಕೆಲವು ಸುತ್ತು ಸೀಟುಗಳು ಎದ್ದು ಕೂತು ಮಾಡಿದವು, ಆಮೇಲೆ ಒಂದೊಂದಾಗಿ ತಣ್ಣಗಾಗಿ, ಕೊನೆಗೆ ಒಂದು ಸುತ್ತಿನಲ್ಲಿ ಯಾವುದೂ ಕದಲಲಿಲ್ಲ. ಅಕ್ಕಪಕ್ಕದ ಎರಡು ಸೀಟುಗಳನ್ನು ತೆರೆದು ನೋಡಿದಳು. ಅವು ಹೇಳಿದ್ದನ್ನು ಓದಿ, ಅಡುಗೆಮನೆಗೆ ಹೋಗಿ ಅತ್ತೆಯನ್ನು ಹಿಂದಿನಿಂದ ಗಟ್ಟಿಯಾಗಿ ತಬ್ಬಿಕೊಂಡಳು.

"ಏನಾಯ್ತೇ?" ಎಂದರು ಅತ್ತೆ, ಸೌಟು ಹಿಡಿದುಕೊಂಡೇ.

"ಭಾನುವಾರ ಕನ್ನಡಿಯಪ್ಪ ಅಂಕಲ್‌ನ ಊಟಕ್ಕೆ ಕರೀರಿ ಅತ್ತೆ. ಹೇಳ್ತೀನಿ."

ಆ ಮೂರು ದಿನ ಮಾವ ಏನೆಲ್ಲ ಉಪಾಯ ಮಾಡಿದರೂ ಅವಳು ಬಾಯಿ ಬಿಡಲಿಲ್ಲ. ಭಾನುವಾರ ಮಧ್ಯಾಹ್ನ ಕನ್ನಡಿಯಪ್ಪ ಇಸ್ತ್ರಿ ಮಾಡಿದ ಶರ್ಟು ತೊಟ್ಟು, ತೀರ್ಪು ಕೇಳಲು ಬಂದವರ ಗಾಂಭೀರ್ಯದಲ್ಲಿ ಬಂದು ಕೂತರು. ಮಾವ ಎದುರಿಗೆ. ಇಬ್ಬರೂ ಗುಂಡಿಗಳ ಕಡೆ ನೋಡಿದರೇ ಹೊರತು ಒಬ್ಬರನ್ನೊಬ್ಬರು ನೋಡಲಿಲ್ಲ.

"ಯಾರು ಸರಿ ಅಂತ ಹೇಳ್ತೀನಿ," ಎಂದಳು ಸೊಸೆ. "ಆದ್ರೆ ಅದಕ್ಕೆ ಮೊದಲು, ನಿಮ್ಮಿಬ್ಬರಿಗೂ ಒಂದೇ ಪ್ರಶ್ನೆ. ಒಟ್ಟಿಗೆ ಉತ್ತರ ಹೇಳ್ಬೇಕು. ನೀರು ಬಿದ್ದಾಗ ನಡೆ ಯಾರದ್ದು?"

"ಇವಂದು!" ಎಂದು ಇಬ್ಬರೂ ಏಕಕಾಲಕ್ಕೆ ಪರಸ್ಪರ ಬೆರಳು ತೋರಿಸಿದರು. ಮಾವ ತೋರಿಸಿದ್ದು ಪ್ಲಾಸ್ಟರಿನ ಕೈ.



"ನಡೆ ಅಂಕಲ್‌ದಾಗಿದ್ರೆ ಮಾವ ಗೆಲ್ತಾರೆ, ಏನು ಮಾಡಿದ್ರೂ ತಪ್ಪಿಸೋಕಾಗಲ್ಲ," ಎಂದಳು ಸೊಸೆ. "ನಡೆ ಮಾವಂದಾಗಿದ್ರೆ ಡ್ರಾ. ಅದನ್ನೂ ತಪ್ಪಿಸೋಕಾಗಲ್ಲ. ಇವು ಎರಡು ಬೇರೆ ಬೇರೆ ಆಟ. ನೀವಿಬ್ಬರೂ ಅವನ್ನ ಒಂದೇ ಸೀಟಲ್ಲಿ ಕೂರಿಸಿ ಇಷ್ಟು ವರ್ಷ ಕಿತ್ತಾಡ್ತಿದ್ರಿ. ನಾನೂ ನಿಮ್ಮನ್ನ ನಂಬಿ ಹಾಗೇ ಕೂರಿಸಿದ್ದೆ."

ಕನ್ನಡಿಯಪ್ಪ ನಿಧಾನವಾಗಿ ಕೈ ಚಾಚಿ ಕಪ್ಪು ಗುಂಡಿಯನ್ನು ಎಡಕ್ಕೆ ಸರಿಸಿದರು. ಮಾವ ಬಿಳಿ ಗುಂಡಿಯನ್ನು ಬಲಗಡೆಯಿಂದ ಮುಂದಕ್ಕೆ ನುಗ್ಗಿಸಿದರು. ಕನ್ನಡಿಯಪ್ಪ ದಿಟ್ಟಿಸಿ ನೋಡಿ, "ಹೌದಲ್ಲೋ, ದಾರಿ ಬಿಟ್ಟೆ," ಎಂದರು. ಗುಂಡಿಗಳು ಹಿಂದಕ್ಕೆ ಬಂದವು. ಈ ಸಲ ಮಾವ ಮೊದಲು ಸರಿದರು. ಕನ್ನಡಿಯಪ್ಪ ಎದುರಿಗೆ ಬಂದು ನಿಂತರು. ಮಾವ ಆ ಕಡೆ ಹೋದರು, ಈ ಕಡೆ ಬಂದರು, ಎಲ್ಲೂ ಕಿಂಡಿಯಿಲ್ಲ. "ಲೋ, ಇದು ಡ್ರಾನೇ ಕಣೋ," ಎಂದರು, ಬೆರಗಿನಿಂದ.

"ಹಾಗಾದ್ರೆ ನಡೆ ಯಾರದ್ದಿತ್ತು?" ಕನ್ನಡಿಯಪ್ಪ ಕೇಳಿದರು.

ಇಬ್ಬರೂ ಅತ್ತೆಯ ಕಡೆ ತಿರುಗಿದರು. ಆ ದಿನ ಅಂಗಡಿಯಲ್ಲಿ ಮೂರನೆಯವರಾಗಿ ಇದ್ದವರು ಅವರೊಬ್ಬರೇ.

"ನನ್ನನ್ನ ಕೇಳ್ತೀರಾ?" ಎಂದರು ಅತ್ತೆ. "ನಾನು ಟೀ ತಂದಾಗ ಇಬ್ಬರೂ ಗಲ್ಲಕ್ಕೆ ಕೈ ಕೊಟ್ಕೊಂಡು ಸುಮ್ನೆ ಕೂತಿದ್ರಿ. ಕಾಲು ಗಂಟೆಯಿಂದ ಇವರು ಯಾಕೆ ಆಡ್ತಾ ಇಲ್ಲ ಅಂದ್ಕೊಂಡೆ. ಅವರು ಆಡ್ಲಿ ಅಂತ ನೀವು, ನೀವು ಆಡ್ಲಿ ಅಂತ ಅವರು ಕಾಯ್ತಾ ಇದ್ರಿ ಅಂತ ಕಾಣುತ್ತೆ!"

ಮೊದಲು ನಕ್ಕದ್ದು ಕನ್ನಡಿಯಪ್ಪ. ಆಮೇಲೆ ಮಾವನಿಗೆ ನಗು ಹತ್ತಿಕೊಂಡಿತು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದು, ಒರೆಸಿಕೊಳ್ಳಲು ಪ್ಲಾಸ್ಟರಿನ ಕೈ ಎತ್ತಿ ಮೂಗಿಗೆ ಹೊಡೆದುಕೊಂಡು, ಅದಕ್ಕೂ ನಕ್ಕರು. ಕನ್ನಡಿಯಪ್ಪ ಕುರ್ಚಿಯಿಂದ ಜಾರಿ ನೆಲಕ್ಕೇ ಕೂತುಬಿಟ್ಟರು. "ಹದಿನೇಳು ವರ್ಷ ಕಣೋ! ಹದಿನೇಳು ವರ್ಷ ನಿನ್ನ ನಡೆಗೆ ಕಾಯ್ತಾ ಇದೀನಿ!" ಎಂದು ಅವರು ಅಂದರೆ, "ನಾನೂ ಕಣೋ!" ಎಂದು ಇವರು.

ಊಟಕ್ಕೆ ಮೊದಲೇ ಅತ್ತೆ ಅಟ್ಟದಿಂದ ಹಳೆಯ ಬೋರ್ಡು ಇಳಿಸಿಕೊಟ್ಟರು. ನೀರು ಕುಡಿದು ಒಂದು ಮೂಲೆ ಉಬ್ಬಿತ್ತು, ಒಂದು ಕುದುರೆಗೆ ಕಿವಿಯಿರಲಿಲ್ಲ. ಅದು ಎಲ್ಲಿದೆಯೆಂದು ಅವರಿಗೆ ಮೊದಲಿನಿಂದಲೂ ಗೊತ್ತಿತ್ತಂತೆ, ಯಾರೂ ಕೇಳಲಿಲ್ಲವಂತೆ. ಹೊಸ ಆಟದಲ್ಲಿ ಮಾವ ಇಪ್ಪತ್ತು ನಿಮಿಷದಲ್ಲಿ ಹೀನಾಯವಾಗಿ ಸೋತರು. ಸೋತವರ ಮುಖದಲ್ಲಿ ಅಷ್ಟು ಸಂತೋಷವನ್ನು ಸೊಸೆ ಯಾವತ್ತೂ ಕಂಡಿರಲಿಲ್ಲ.

ಪ್ಲಾಸ್ಟರು ಬಿಚ್ಚಿ ಅಂಗಡಿ ತೆರೆದ ಮೇಲೆ ಸಂಜೆಯ ಒಂದು ಗಂಟೆ ಆಟಕ್ಕೆಂದೇ ಮೀಸಲಾಯಿತು. ಹೊಸದೊಂದು ಕಟ್ಟಳೆಯೂ ಬಂತು: ಕಾಯಿ ನಡೆಸಿದವರು ಬೀದಿಗೆ ಕೇಳುವಂತೆ "ನಡೆ ನಿಂದು!" ಎಂದು ಕೂಗಬೇಕು. ಅಳತೆ ಕೊಡಲು ಬಂದವರಿಗೆಲ್ಲ ಮಾವ ತೋಳು ಅಳೆಯುತ್ತಲೇ ಹೇಳುತ್ತಿದ್ದರು, "ನಮ್ಮ ಸೊಸೆ ಮಾಡೋ ಕೆಲಸ ಏನು ಗೊತ್ತಾ? ಎಣಿಸಿ ಮುಗಿಯೋ ಅಂಥದ್ದು ಏನೇ ಇರಲಿ, ಒಂದೊಂದಕ್ಕೂ ಸೀಟು ಕೊಡ್ತಾಳೆ. ಸೊನ್ನೆಯಿಂದ ಶುರು. ಒಂದು ಸೀಟಲ್ಲಿ ಇಬ್ಬರನ್ನ ಕೂರಿಸೋ ಹಾಗಿಲ್ಲ." ಗಿರಾಕಿಗಳು ಏನೂ ತಿಳಿಯದೆ ತಲೆಯಾಡಿಸಿ, ಇನ್ನೊಂದು ತೋಳು ಚಾಚುತ್ತಿದ್ದರು.

ಒಂದು ಸಂಜೆ ಕನ್ನಡಿಯಪ್ಪ ಕೇಳಿದರು, "ಅಲ್ಲಮ್ಮ, ಇದಕ್ಕೆ ಒಂದು ಆನೆ ಸೇರಿಸಿದ್ರೆ ಎಷ್ಟು ಸೀಟಾಗುತ್ತೆ?"

"ಅರವತ್ನಾಲ್ಕರಷ್ಟು. ಎರಡೂವರೆ ಕೋಟಿ ಮೇಲೆ."

"ಅಬ್ಬಾ. ಅಷ್ಟಕ್ಕೂ ನಮ್ಮ ಜಗಳ ಸಾಲುತ್ತೇನೋ?" ಎಂದು ಅವರು ಮಾವನ ಕಡೆ ನೋಡಿದರು. ಮಾವ, ಸಾಲದಿದ್ದರೆ ಬೆಳೆಸೋಣ ಬಿಡು ಎನ್ನುವಂತೆ ಕೈಯಾಡಿಸಿದರು.

ಈಗ ಸೊಸೆ ಕೆಲಸದಿಂದ ಬರುವಾಗ ಅಂಗಡಿ ಬೀದಿಯ ತಿರುವಿನಲ್ಲೇ ಆ ಕೂಗು ಕೇಳಿಸುತ್ತದೆ. ಕೂಗು ಬೇಗ ಬೇಗ ಬರುತ್ತಿದ್ದರೆ ಆಟ ಕೊನೆಗೆ ಬಂದಿದೆ ಎಂದು ಅವಳಿಗೆ ಗೊತ್ತು. ಗೆದ್ದವರ ಎದುರು ಮುಂದಿನ ಆಟಕ್ಕೆ ಕೂರುವುದು ಅವಳೇ ಆದ್ದರಿಂದ, ಹೆಜ್ಜೆ ಚುರುಕು ಮಾಡುತ್ತಾಳೆ.